ಬೀರು ಬಾಗಿಲ ಮೇಲಿನ ಪಾಠ

ಇವತ್ತು ಸರಸ್ವತಿಪುರಂನಲ್ಲಿ ನಮ್ಮ ಎಕನಾಮಿಕ್ಸ್ ಮೇಡಂ ಮನೆಗೆ ಹೋಗಿದ್ದೆ. ಸ್ಟೀಲ್ ಬೀರು ಬಾಗಿಲ ಮೇಲೆ ಮಾರ್ಕರ್ ಗುರುತು ಇನ್ನೂ ಹೋಗಿಲ್ಲ. ಬೇಡಿಕೆ ರೇಖೆ, ಪೂರೈಕೆ ರೇಖೆ, ಎರಡೂ ಸೇರುವ ಜಾಗದಲ್ಲಿ ಒಂದು ದಪ್ಪ ಚುಕ್ಕೆ. 2020ರ ಲಾಕ್‌ಡೌನ್‌ನಲ್ಲಿ ಅದೇ ಬೋರ್ಡು. ಫೋನನ್ನು ಸಾರಿನಪುಡಿ ಡಬ್ಬಕ್ಕೆ ಒರಗಿಸಿ ಪಾಠ ಮಾಡುತ್ತಿದ್ದರು.

“ಎಲ್ಲರ ಕ್ಯಾಮೆರಾನೂ ಆಫ್. ಅರ್ಥ ಆಯ್ತಾ ಅಂದ್ರೆ ಉತ್ತರವೇ ಇಲ್ಲ. ಮುಖ ಕಾಣದೆ ಎಲ್ಲಿ ನಿಲ್ಲಿಸಬೇಕು, ಯಾವುದನ್ನ ಮತ್ತೆ ಹೇಳಬೇಕು ಅಂತ ಹೇಗೆ ಗೊತ್ತಾಗುತ್ತೆ?” ಅಂದರು.

ಮಳವಳ್ಳಿ ಕಡೆಯ ಹುಡುಗರಿಗೆ ನೆಟ್‌ವರ್ಕ್ ಸರಿಯಾಗಿ ಸಿಗುತ್ತಿರಲಿಲ್ಲ. ಅವರಿಗೆ ರಾತ್ರಿ ಫೋನ್ ಮಾಡಿ ಮತ್ತೆ ಹೇಳಿಕೊಡುತ್ತಿದ್ದರು.

ಆನ್‌ಲೈನ್ ಪಾಠ ಚೆನ್ನಾಗಿತ್ತಾ ಅಂತ ಸುಮ್ನೆ ಹಾಜರಾತಿ ನೋಡಿ ಹೇಳೋಕಾಗಲ್ಲ, ಅಲ್ವಾ? ನನಗೆ ಎಲಾಸ್ಟಿಸಿಟಿ, ಅಂದ್ರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತೆ ಅನ್ನೋದು, ಅರ್ಥವಾಗಿದ್ದೇ ಅಂಥ ಒಂದು ರಾತ್ರಿ ಕರೆಯಲ್ಲಿ.