ಬೀಳು ಹೊಲದಲ್ಲಿ ಗಾಲ್ಫ್ ವಿಶ್ವಕಪ್

ಗಾಲ್ಫ್‌ಗೂ ಒಂದು ವಿಶ್ವಕಪ್ ಇದೆ ಅಂದರೆ ನಮ್ಮ ಕಲಬುರಗಿ ಕಡೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1953ರಲ್ಲಿ ಮಾಂಟ್ರಿಯಲ್‌ನಲ್ಲಿ ಕೆನಡಾ ಕಪ್ ಅನ್ನೋ ಹೆಸರಿನಲ್ಲಿ ಶುರುವಾಯಿತು. 1967ರಲ್ಲಿ ವರ್ಲ್ಡ್ ಕಪ್ ಆಯಿತು. ದೇಶಕ್ಕೆ ಇಬ್ಬರೇ ಆಟಗಾರರು, ಒಂದು ಜೋಡಿ. ಮೊದಲ ಸಲ ಗೆದ್ದದ್ದು ಅರ್ಜೆಂಟೀನಾ. ಕೊನೆಯ ಸಲ ನಡೆದದ್ದು 2018ರ ನವೆಂಬರ್‌ನಲ್ಲಿ, ಮೆಲ್ಬರ್ನ್‌ನ ಮೆಟ್ರೊಪಾಲಿಟನ್ ಗಾಲ್ಫ್ ಕ್ಲಬ್ಬಿನಲ್ಲಿ. ಅದರ ಫೈನಲ್ ದಿನ, ಭಾನುವಾರ, ನಾನು ಚಿತ್ತಾಪುರ ತಾಲ್ಲೂಕಿನ ಹಳ್ಳಿಯಲ್ಲಿ ಕಾಕಾನ ಮನೆಯಲ್ಲಿದ್ದೆ.

ಕಾಕಾನ ಬಗ್ಗೆ ಹೇಳಲೇಬೇಕು. ನಮ್ಮ ಕಡೆಯಿಂದ ಬೆಂಗಳೂರಿಗೆ ದುಡಿಯಲು ಹೋಗುವವರು ಬಹಳ. ಹೆಚ್ಚಿನವರು ಕಟ್ಟಡದ ಕೆಲಸಕ್ಕೆ ಸೇರುತ್ತಾರೆ. ಕಾಕಾನೂ ಹಾಗೇ ಹೋದವರು, ಆದರೆ ಪರಿಚಯದವರೊಬ್ಬರು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ಕೊಡಿಸಿದರು, ಹುಲ್ಲು ನೋಡುತ್ತಾ ನೋಡುತ್ತಾ ಆಟ ಕಲಿತು ಕ್ಯಾಡಿ ಆದರು, ಸಾಹೇಬರ ಬ್ಯಾಗು ಹೊತ್ತು ವರ್ಷಗಟ್ಟಲೆ ನಡೆದರು. ಅಜ್ಜ ಹಾಸಿಗೆ ಹಿಡಿದ ಮೇಲೆ ಹೊಲ ನೋಡಿಕೊಳ್ಳಲು ಊರಿಗೆ ವಾಪಸ್ ಬಂದರು. ಬರುವಾಗ ಯಾರೋ ಕೊಟ್ಟ ಒಂದು ಹಳೆಯ ಸೆವೆನ್ ಐರನ್ ಅನ್ನೋ ಗಾಲ್ಫ್ ಕೋಲು ಮತ್ತು ಒಂದು ಚೀಲ ಚೆಂಡು ತಂದಿದ್ದರು. ಗಾಲ್ಫ್ ಅಂದರೆ ಬರೀ ಶ್ರೀಮಂತರ ಆಟ ಅಂತ ಯಾರಾದರೂ ಅಂದರೆ ಕಾಕಾಗೆ ಸಿಟ್ಟೇ ಬರುತ್ತದೆ. ಬಿಡದಿ ಕಡೆಯ ಹಳ್ಳಿ ಹುಡುಗ ಚಿಕ್ಕರಂಗಪ್ಪ ಈಗಲ್‌ಟನ್ ಮೈದಾನದ ಪಕ್ಕದಲ್ಲಿ ಬೆಳೆದು ದೊಡ್ಡ ಆಟಗಾರ ಆಗಿಲ್ವಾ ಅಂತ ಕೇಳುತ್ತಾರೆ. ಸರಿಯಾದ ಮಾತೇ.

ಮೆಲ್ಬರ್ನ್ ಗಡಿಯಾರ ಆ ಹೊತ್ತಿನಲ್ಲಿ ನಮಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಅಲ್ಲಿನ ಮಧ್ಯಾಹ್ನದ ಆಟ ನಮಗೆ ಬೆಳಗಿನದು. ಕಾಕು ಸುಸಲಾ, ಮಿರ್ಚಿ ಮಾಡಿಟ್ಟಿದ್ದರು. ನಾವು ಕಟ್ಟೆ ಮೇಲೆ ಮೊಬೈಲ್ ಹಿಡಿದು ಸ್ಕೋರ್ ನೋಡುತ್ತಾ ಕುಳಿತೆವು. ನೆಟ್‌ವರ್ಕ್ ಬಂದಾಗ ಒಂದೊಂದು ತುಣುಕು ವಿಡಿಯೊ ಬರುತ್ತಿತ್ತು. ಭಾರತದಿಂದ ಅನಿರ್ಬನ್ ಲಾಹಿರಿ ಮತ್ತು ಗಗನ್‌ಜೀತ್ ಭುಲ್ಲರ್ ಹೋಗಿದ್ದರು. ಲಾಹಿರಿ ಬೆಂಗಳೂರಿನವರು ಅಂತ ಕಾಕಾಗೆ ತಮ್ಮ ಮನೆಯವರಷ್ಟೇ ಅಭಿಮಾನ. ಮುಂದೆ ಇದ್ದದ್ದು ಬೆಲ್ಜಿಯಂ. ಥಾಮಸ್ ಪೀಟರ್ಸ್, ಥಾಮಸ್ ಡೆಟ್ರಿ. ಇಬ್ಬರ ಹೆಸರೂ ಥಾಮಸ್, ಇಬ್ಬರೂ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಡಿ ಬಂದವರು.

ನನಗೆ ಆ ಸ್ಕೋರಿನಲ್ಲಿ ಒಂದು ವಿಷಯ ಅರ್ಥವಾಗಲಿಲ್ಲ. ಗಾಲ್ಫ್‌ನಲ್ಲಿ ಕಮ್ಮಿ ಹೊಡೆತ ಹೊಡೆದವರೇ ಮುಂದೆ. ಬೆಲ್ಜಿಯಂ ಮೊದಲ ದಿನ 63 ಹೊಡೆತ, ಮೂರನೇ ದಿನವೂ 63. ನಡುವೆ ಎರಡನೇ ದಿನ ಮಾತ್ರ 71. ಅವರೇ ಆಟಗಾರರು, ಅದೇ ಮೈದಾನ. ಒಂದೇ ರಾತ್ರಿಯಲ್ಲಿ ಆಟ ಮರೆತರಾ?

ಕಾಕಾ ಮಿರ್ಚಿ ತಟ್ಟೆ ಪಕ್ಕಕ್ಕಿಟ್ಟು ಹೇಳಿದರು: "ನೋಡವ್ವಾ, ಒಂದನೇ ದಿನ, ಮೂರನೇ ದಿನ ಫೋರ್‌ಬಾಲ್. ಇಬ್ಬರಿಗೂ ಬ್ಯಾರೆ ಬ್ಯಾರೆ ಚೆಂಡು, ಯಾರದು ಕಮ್ಮಿ ಹೊಡೆತದಾಗ ಮುಗೀತೋ ಅದೇ ಲೆಕ್ಕ. ಒಬ್ಬಾಂವ ಕೆಟ್ಟು ಕುಂತ್ರೂ ಇನ್ನೊಬ್ಬಾಂವ ಎತ್ತಿ ಹಿಡೀತಾನ. ಎರಡನೇ ದಿನ ಫೋರ್‌ಸಮ್. ಇಬ್ಬರಿಗೂ ಕೂಡಿ ಒಂದೇ ಚೆಂಡು. ಒಮ್ಮೆ ಅವ, ಒಮ್ಮೆ ಇವ. ಅವ ಎಲ್ಲಿ ಬಿಟ್ಟಾನೋ ಅಲ್ಲಿಂದ್ಲೇ ನೀ ಹೊಡೀಬೇಕು."

ಫೈನಲ್ ದಿನವೂ ಇದೇ ಫೋರ್‌ಸಮ್. ಐದು ಹೊಡೆತ ಮುಂದಿದ್ದರೂ ಬೆಲ್ಜಿಯಂ ಗೆದ್ದಂತಲ್ಲ ಅಂದರು ಕಾಕಾ. ಮೆಟ್ರೊಪಾಲಿಟನ್‌ನಲ್ಲಿ ಮರಳಿನ ಗುಂಡಿಗಳನ್ನು, ಅಂದರೆ ಬಂಕರ್‌ಗಳನ್ನು, ಗ್ರೀನಿನ (ಚೆಂಡು ಬೀಳಬೇಕಾದ ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ಅಂಚಿಗೇ ಕೊರೆದಿದ್ದಾರೆ. ಚೆಂಡು ಸ್ವಲ್ಪ ಜಾರಿದರೆ ಸೀದಾ ಮರಳಿಗೆ. ಅಲ್ಲಿಂದ ಎತ್ತಬೇಕಾದವನು ಜೊತೆಗಾರ.

ಮಾತಿನಲ್ಲಿ ಹೇಳಿದರೆ ತಿಳಿಯಲ್ಲ ಅಂತ ಕಾಕಾ ನಮ್ಮನ್ನು ಹೊಲಕ್ಕೆ ಕರೆದುಕೊಂಡು ಹೋದರು. ಆ ವರ್ಷ ಮಳೆ ಕೈಕೊಟ್ಟಿತ್ತು. ತೊಗರಿ ಬಾಡಿ ನಿಂತಿತ್ತು, ಹಿಂಗಾರಿ ಜೋಳ ಬಿತ್ತಲು ಹಸಿಯೇ ಇರಲಿಲ್ಲ, ಒಂದು ಪಟ್ಟಿ ಎರೆ ಹೊಲ ಹಾಗೇ ಬೀಳು ಬಿದ್ದಿತ್ತು. ಅದರ ತುದಿಗೆ ಹೆಸರು ರಾಶಿ ಮಾಡಿದ್ದ ಹಳೇ ಕಣ. ಕಣದ ನಡುವೆ ಒಂದು ಡಬ್ಬಿ ಹುಗಿದು, ಇದೇ ಗ್ರೀನ್ ಅಂದರು. ನಮ್ಮ ದೇಶದಲ್ಲಿ ನೀರಿಲ್ಲದ ಕಡೆ ಹುಲ್ಲಿನ ಗ್ರೀನ್ ಬದಲು ಮರಳಿಗೆ ಎಣ್ಣೆ ಬೆರೆಸಿ ಹರಡುತ್ತಾರಂತೆ, ಅದಕ್ಕೆ ಬ್ರೌನ್ ಅನ್ನುತ್ತಾರಂತೆ. ನಮ್ಮ ಕಣ ಅದಕ್ಕಿಂತ ಚೆನ್ನಾಗಿದೆ ಅಂತ ಕಾಕಾ ಕೈಯಾಡಿಸಿ ನೋಡಿದರು. ನಿಜವಾಗಿಯೂ ಚೆನ್ನಾಗಿತ್ತು, ಸೆಗಣಿ ಸಾರಿಸಿ ರೋಣಗಲ್ಲು ಉರುಳಿಸಿದ ನೆಲ, ಚೆಂಡು ಸದ್ದಿಲ್ಲದೆ ಓಡುತ್ತಿತ್ತು.

ಕಾಕಾ-ಕಾಕು ಒಂದು ಜೋಡಿ. ನಾನು ಮತ್ತು ಒಂಬತ್ತನೇ ಕ್ಲಾಸಿನ ತಮ್ಮ ಇನ್ನೊಂದು ಜೋಡಿ. ಎಲ್ಲರಿಗೂ ಅದೊಂದೇ ಸೆವೆನ್ ಐರನ್.

ಕಾಕಾ ಮೊದಲ ಹೊಡೆತವನ್ನು ನೆಟ್ಟಗೆ ಹೊಡೆದರು. ಮುಂದಿನ ಸರದಿ ಕಾಕುದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಲದಲ್ಲಿ ಕೆಲಸ ಮಾಡುವಾಗ ನಿಲ್ಲುವಂತೆಯೇ ಕಾಲೂರಿ ಹೊಡೆದರು. ಚೆಂಡು ಹಾರಿತು, ಪುಟಿಯಿತು, ಆಮೇಲೆ ಕಾಣಲೇ ಇಲ್ಲ. ಹೋಗಿ ನೋಡಿದರೆ ಎರೆ ನೆಲದ ಬಿರುಕಿನಲ್ಲಿ ಬಿದ್ದಿತ್ತು. ಮೊಣಕೈ ತನಕ ಇಳಿಯುವ ಬಿರುಕು. ಕಾಕು ಮುಖ ಸಣ್ಣದಾಯಿತು. "ಹಾಳ್ ಮಾಡಿದ್ನಲ್ರೀ" ಅಂದರು. ಕಾಕಾ ಏನೂ ಅನ್ನಲಿಲ್ಲ. ಕುಕ್ಕರಗಾಲಲ್ಲಿ ಕೂತು, ತೋಳು ಇಳಿಬಿಟ್ಟು ಚೆಂಡು ತೆಗೆದು, ಒಂದು ಹೊಡೆತ ದಂಡ ಅಂತ ಲೆಕ್ಕಕ್ಕೆ ಸೇರಿಸಿ, ಪಕ್ಕದಲ್ಲಿ ಬಿಟ್ಟರು.

ತಮ್ಮ ತಕರಾರು ತೆಗೆದ. ದಂಡದ ಹೊಡೆತ ಕಾಕಾನ ಸರದಿ ಅಂತ ಲೆಕ್ಕ ಹಿಡಿದರೆ ಈಗ ಕಾಕುನೇ ಹೊಡೀಬೇಕಲ್ವಾ ಅಂದ. ಇಲ್ಲ ಅಂದರು ಕಾಕಾ. ದಂಡ ಎಷ್ಟೇ ಬೀಳಲಿ, ಸರದಿ ಬದಲಾಗಲ್ಲ. ಕಾಕು ಹೊಡೆದಾಯಿತು, ಇನ್ನು ಕಾಕಾನದೇ ಸರದಿ. ಹೀಗೆ ಹೇಳಿ ಹೊಡೆದ ಚೆಂಡು ಕಣದ ಅಂಚಿಗೆ ಹೋಗಿ ನಿಂತಿತು, ಅಲ್ಲಿಂದ ಕಾಕು ತಳ್ಳಿದ್ದು ಡಬ್ಬಿಗೆ ಒಂದು ಗೇಣು ಹತ್ತಿರ.

ಆಟ ಮುಗಿದ ಮೇಲೆ ಬೇವಿನ ಮರದ ಕೆಳಗೆ ಕೂತಾಗ ಕೇಳಿದೆ, ಅಷ್ಟು ದೊಡ್ಡ ಬಿರುಕಿನಲ್ಲಿ ಬಿದ್ದರೂ ನೀವು ಯಾಕೆ ಏನೂ ಅನ್ನಲಿಲ್ಲ ಕಾಕಾ ಅಂತ. ಬ್ಯಾಗು ಹಿಡಿದು ನಡೆಯುವಾಗ ಬಹಳ ಜೋಡಿ ನೋಡಿದ್ದಾರಂತೆ. ಒಬ್ಬ ತಪ್ಪಿದಾಗ ಇನ್ನೊಬ್ಬ ಮುಖ ಗಂಟು ಹಾಕಿದರೆ ಸಾಕು, ಮುಂದಿನ ಹೋಲ್‌ನಲ್ಲಿ ಮೊದಲಿನವನ ಕೈ ಬಿಗಿಯಾಗುತ್ತದೆ. ಒಳ್ಳೆಯ ಜೋಡಿಗಳು ಸಾರಿ ಕೂಡ ಕೇಳುವುದಿಲ್ಲ. ಈ ವಿಶ್ವಕಪ್‌ನಲ್ಲಂತೂ ದೇಶದ ಮೇಲಿನ ರ‍್ಯಾಂಕಿನ ಆಟಗಾರ ತನ್ನ ಜೊತೆಗಾರನನ್ನು ತಾನೇ ಆರಿಸಿಕೊಳ್ಳುತ್ತಿದ್ದ. ನನಗೆ ಇದು ಬಹಳ ಇಷ್ಟವಾದ ನಿಯಮ.

ಅಷ್ಟರಲ್ಲಿ ನೆಟ್‌ವರ್ಕ್ ಬಂತು. ಬೆಲ್ಜಿಯಂ 68 ಹೊಡೆದು ಗೆದ್ದಿತ್ತು. ನಾಲ್ಕು ದಿನ ಸೇರಿ ಒಟ್ಟು 23 ಅಂಡರ್, ಅಂದರೆ ಮೈದಾನಕ್ಕೆ ನಿಗದಿಯಾದ ಹೊಡೆತಗಳಿಗಿಂತ 23 ಕಮ್ಮಿ, ಆಸ್ಟ್ರೇಲಿಯಾ ಮತ್ತು ಮೆಕ್ಸಿಕೊಗಿಂತ ಮೂರು ಹೊಡೆತ ಮುಂದೆ. ಅದು ಬೆಲ್ಜಿಯಂನ ಮೊದಲ ವಿಶ್ವಕಪ್. 71 ಹೊಡೆದ ಅದೇ ಆಟದಲ್ಲಿ, ಎರಡೇ ದಿನದ ನಂತರ 68. ಕಾಕಾ ಆ ಸ್ಕೋರನ್ನು ನನಗೆ ತೋರಿಸುತ್ತಾ ಹಿಗ್ಗಿದ್ದು ನೋಡಿದರೆ ತಾವೇ ಅವರ ಬ್ಯಾಗು ಹಿಡಿದಿದ್ದರೇನೋ ಅನ್ನಬೇಕು.

ಆಮೇಲೆ ಈ ಕಪ್ ನಡೆಯಲೇ ಇಲ್ಲ. ನನಗೆ ಇದು ಬಹಳ ಬೇಸರದ ವಿಷಯ. ಕೋಟಿಗಟ್ಟಲೆ ಹಣದ ಟೂರ್ನಿಗಳು ವಾರವಾರ ನಡೆಯುತ್ತವೆ, ದೇಶಕ್ಕೊಂದು ಜೋಡಿ ಬಂದು ಆಡುವ ನಾಲ್ಕು ದಿನಕ್ಕೆ ಮಾತ್ರ ಜಾಗ ಇಲ್ಲ ಅಂದರೆ ಹೇಗೆ?

ಈಗ ಇರುವ ಆಸೆ ಅಂದರೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಅಲ್ಲಿ ಮಿಶ್ರ ತಂಡದ ಗಾಲ್ಫ್ ಸೇರಿಸಿದ್ದಾರೆ, ದೇಶಕ್ಕೊಬ್ಬ ಗಂಡು, ಒಬ್ಬಳು ಹೆಣ್ಣು. ನಮ್ಮ ಅದಿತಿ ಅಶೋಕ್ ಟೋಕಿಯೊದಲ್ಲಿ ಪದಕ ಕೈತಪ್ಪಿ ನಾಲ್ಕನೆಯವರಾದರು, ಅಮ್ಮನೇ ಬ್ಯಾಗು ಹಿಡಿದಿದ್ದರು. ಅದಿತಿ ಬಹಳ ದೂರ ಹೊಡೆಯುವವರಲ್ಲ, ಗ್ರೀನ್ ಮೇಲೆ ಅವರ ಕೈ ಚಿನ್ನ. ಆಕೆಯ ಜೊತೆ ಯಾರು ಆಡಬೇಕು ಅನ್ನೋದರ ಮೇಲೆ ಕಾಕಾಗೂ ತಮ್ಮನಿಗೂ ಈಗಲೂ ಫೋನಿನಲ್ಲೇ ಜಗಳ ನಡೆಯುತ್ತದೆ. ತಮ್ಮ ರ‍್ಯಾಂಕ್ ನೋಡಿ ಕಳಿಸಲಿ ಅನ್ನುತ್ತಾನೆ. ದೂರ ಹೊಡೆಯುವವನೇ ಬೇಕು, ಅದರ ಜೊತೆಗೆ ಆಕೆಯ ಚೆಂಡು ಬಂಕರ್‌ಗೆ ಬಿದ್ದರೂ ಮುಖ ಗಂಟು ಹಾಕದವನಾಗಿರಬೇಕು ಅನ್ನುತ್ತಾರೆ ಕಾಕಾ. ನಾನು ಕಾಕಾನ ಕಡೆ.