ಸಸ್ಯಾಹಾರಿ ಮನೆಗೆ ಬಂದ ಹೃದಯಾಘಾತ

ಕಳೆದ ಶ್ರಾವಣದಲ್ಲಿ ನಮ್ಮಣ್ಣನಿಗೆ ಹೃದಯಾಘಾತವಾಯಿತು. ಧಾರವಾಡದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದು, ಎರಡು ಸ್ಟೆಂಟ್ ಹಾಕಿಸಿಕೊಂಡು ಬಂದೆವು. ಅವನಿಗೆ 57 ವರ್ಷ. ಬೀಡಿ, ಸಿಗರೇಟಿನ ಚಟವಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನು ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ಹುಟ್ಟಿದಾಗಿಂದ ತತ್ತಿ ಸುದ್ದಾ ಮುಟ್ಟಿಲ್ರಿ, ನನಗ ಹ್ಯಾಂಗ ಬಂತ್ರೀ ಇದು?" ಅದಕ್ಕೆ ಅವರು, "ಏನ್ ತಿನ್ನೂದಿಲ್ಲ ಅಂತ ಹೇಳಿದ್ರಿ, ಏನ್ ತಿಂತೀರಿ ಅದನ್ನ ಹೇಳ್ರಿ" ಎಂದರು.

ಮನೆಗೆ ಬಂದ ಮೇಲೆ ನಾನು ವೈನಿಯೊಂದಿಗೆ ಕುಳಿತು ಅದನ್ನೆಲ್ಲ ಬರೆದುಕೊಂಡೆ. ಮುಂಜಾನೆ ಉಪ್ಪಿಟ್ಟು ಅಥವಾ ಅವಲಕ್ಕಿ, ಹನ್ನೊಂದಕ್ಕೆ ಚಹಾದ ಜೊತೆ ಬೇಕರಿಯ ಖಾರಿ, ಮಧ್ಯಾಹ್ನ ಎರಡು ಚಪಾತಿ, ಎರಡು ಚಮಚ ಆಲೂಗಡ್ಡೆ ಪಲ್ಯ, ಅನ್ನ, ಸಾರು, ಹಪ್ಪಳ. ಸಂಜೆ ಅಂಗಡಿಯಿಂದ ಮರಳುವಾಗ ಗಿರ್ಮಿಟ್ಟು, ಮಿರ್ಚಿ. ರಾತ್ರಿ ಮತ್ತೆ ಅನ್ನ, ತುಪ್ಪ, ಉಪ್ಪಿನಕಾಯಿ. ಮಾಂಸ ಎಳ್ಳಷ್ಟೂ ಇಲ್ಲದ ಈ ಊಟದಲ್ಲಿ ಕಾಳು, ಕಾಯಿಪಲ್ಯೆ ಮತ್ತು ಸೊಪ್ಪು ಸಹ ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದವು, ಮತ್ತು ಜೋಳದ ರೊಟ್ಟಿ ಯಾವಾಗಲೋ ಸರಿದು ರವಿವಾರದ ವಿಶೇಷವಾಗಿ ಹೋಗಿತ್ತು.

ಆಮೇಲೆ ಓದತೊಡಗಿದಾಗ ನನಗೆ ಮೊದಲು ಸಿಕ್ಕಿದ್ದು ಅಮೆರಿಕದಲ್ಲಿ ಆರೋಗ್ಯ ವೃತ್ತಿಯ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ದೀರ್ಘಕಾಲ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ. ಇಡಿಯ ಧಾನ್ಯ, ಕಾಳು, ತರಕಾರಿ, ಹಣ್ಣು ಮತ್ತು ಬೀಜಗಳ ಸಸ್ಯಾಹಾರವನ್ನು ಹೆಚ್ಚಾಗಿ ಉಂಡವರಲ್ಲಿ ಹೃದ್ರೋಗ ಕಡಿಮೆ ಕಂಡುಬಂದರೆ, ನುಣ್ಣಗಿನ ಹಿಟ್ಟು, ಆಲೂಗಡ್ಡೆ, ಸಿಹಿ ಪಾನೀಯ, ಸಿಹಿತಿನಿಸುಗಳ ಸಸ್ಯಾಹಾರವನ್ನು ಹೆಚ್ಚಾಗಿ ಉಂಡವರಲ್ಲಿ ಅದು ಹೆಚ್ಚೇ ಇತ್ತು. ಅಣ್ಣನ ಊಟ ಎರಡನೆಯ ಗುಂಪಿನದು. ಸಸ್ಯಾಹಾರಿ ಎಂಬ ಒಂದು ಪದದೊಳಗೆ ಇಷ್ಟು ಬೇರೆಬೇರೆಯಾದ ಎರಡು ತಾಟುಗಳಿರುವುದನ್ನು ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ. ಕೊಲೆಸ್ಟರಾಲ್ ಹೆಚ್ಚಿದ್ದ 46 ಜನರಲ್ಲಿ ಒಂದು ಗುಂಪಿಗೆ ಒಂದು ತಿಂಗಳು ಓಟ್ಸ್, ಬಾರ್ಲಿ, ಸೋಯಾ, ಬಾದಾಮಿ, ಸಸ್ಯ ಸ್ಟೆರಾಲ್ (ಕೊಲೆಸ್ಟರಾಲ್ ಮೈಗೆ ಹತ್ತದಂತೆ ತಡೆಯುವ ಸಸ್ಯದ ಅಂಶ) ಇವುಗಳ ಜೊತೆಗೆ ಬೆಂಡೆಕಾಯಿ ಮತ್ತು ಬದನೆಕಾಯಿಯನ್ನೂ ಉಣಿಸಿದ್ದರು. ಅವರ ಎಲ್‌ಡಿಎಲ್, ಅಂದರೆ ರಕ್ತನಾಳದಲ್ಲಿ ಕಟ್ಟಿಕೊಳ್ಳುವ ಕೆಟ್ಟ ಕೊಲೆಸ್ಟರಾಲ್, ಶೇಕಡಾ 28ಕ್ಕೂ ಹೆಚ್ಚು ಇಳಿಯಿತು. ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಇಳಿದದ್ದು ಸುಮಾರು ಶೇಕಡಾ 31. ಬದನೆಕಾಯಿಯ ಹೆಸರು ಕಂಡು ನಾನು ಆ ಪುಟವನ್ನು ವೈನಿಗೆ ಓದಿ ಹೇಳಿದೆ. ಆದರೆ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು: ಊಟವನ್ನು ಕೈಗೆ ಕೊಡದೆ ಸಲಹೆಯನ್ನಷ್ಟೇ ಕೊಟ್ಟು ಆರು ತಿಂಗಳು ನೋಡಿದ 2011ರ ಪ್ರಯೋಗದಲ್ಲಿ ಇಳಿಕೆ ಶೇಕಡಾ 13ರ ಆಸುಪಾಸಿಗೆ ನಿಂತಿತು. ನಿತ್ಯದ ಅಡುಗೆಮನೆಯಲ್ಲಿ ನಿರೀಕ್ಷಿಸಬಹುದಾದದ್ದು ಬಹುಶಃ ಇಷ್ಟೇ, ಮತ್ತು ಇದೂ ಕಡಿಮೆಯಲ್ಲ.

ಬೆಂಡೆಕಾಯಿಯ ಲೋಳೆಯಂಥ ಕರಗುವ ನಾರು ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದಿಟ್ಟುಕೊಂಡು ಮಲದೊಡನೆ ಹೊರಗೆ ಒಯ್ಯುತ್ತದೆ. ಹೋದ ಪಿತ್ತವನ್ನು ತುಂಬಿಕೊಳ್ಳಲು ಯಕೃತ್ತಿಗೆ ಕೊಲೆಸ್ಟರಾಲ್ ಬೇಕಾದ್ದರಿಂದ ಅದು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತದೆ.

ಇಲ್ಲಿ ರೊಟ್ಟಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಅದರ ಮೇಲಿನ ಅಭಿಮಾನ ದೊಡ್ಡದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ, ನಿಜ. ಆದರೆ ಜೋಳದ ನಾರಿನಲ್ಲಿ ಬಹುಪಾಲು ಕರಗದ ನಾರು. ಕೊಲೆಸ್ಟರಾಲ್ ಇಳಿಸುವ ಕೆಲಸವನ್ನು ರೊಟ್ಟಿಯೊಂದೇ ಮಾಡಲಾರದು. ರೊಟ್ಟಿಯ ದೊಡ್ಡ ಗುಣವೆಂದರೆ ಅದು ಬರಿದೇ ಗಂಟಲಲ್ಲಿ ಇಳಿಯುವುದಿಲ್ಲ. ಅನ್ನ ಬರಿಯ ಸಾರಿನಲ್ಲಿ ಇಳಿದುಹೋಗುತ್ತದೆ. ರೊಟ್ಟಿಗೆ ಬದನೆಕಾಯಿಯ ಎಣಗಾಯಿ ಬೇಕು, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ ಬೇಕು, ಮೆಂತ್ಯೆ, ಹಕ್ಕರಕಿ ಸೊಪ್ಪು, ಮೂಲಂಗಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಬೇಕು. ರೊಟ್ಟಿ ತಾಟಿನಿಂದ ಹೋದಾಗ ಇವೆಲ್ಲವೂ ಅದರ ಬೆನ್ನಿಗೆ ಹೋಗಿದ್ದವು.

ಅವ್ವ ಕುಟ್ಟುತ್ತಿದ್ದ ಅಗಸಿ ಹಿಂಡಿಯೂ (ಅಗಸಿ ಬೀಜದ ಚಟ್ನಿಪುಡಿ) ಹಾಗೆಯೇ ಹೋಗಿತ್ತು. ಅಗಸಿ ಎಣ್ಣೆಯ ಅರ್ಧದಷ್ಟು ಒಮೆಗಾ-3 ಕೊಬ್ಬು, ಆದರೆ ಇಡಿಯ ಬೀಜ ಜೀರ್ಣವಾಗದೆ ಹೊರಬೀಳುವುದೇ ಹೆಚ್ಚು. ಹುರಿದು ಕುಟ್ಟಿದರೆ ಮಾತ್ರ ಅದು ಮೈಗೆ ಹತ್ತುತ್ತದೆ. ಈಗ ವೈನಿ ಅದನ್ನು ಅರ್ಧ ಉಪ್ಪು ಹಾಕಿ ಮಾಡುತ್ತಾರೆ. ಉಪ್ಪಿನ ವಿಷಯದಲ್ಲಿ ನಮ್ಮ ಹಿಂಡಿ, ಉಪ್ಪಿನಕಾಯಿ, ಹಪ್ಪಳಗಳನ್ನು ನಾನು ಸಮರ್ಥಿಸಲಾರೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ, ಮತ್ತು ಅಣ್ಣನಿಗೆ ರಕ್ತದೊತ್ತಡವೂ ಇದೆ. ಎಣಗಾಯಿಯಲ್ಲಿ ತೇಲುತ್ತಿದ್ದ ಎಣ್ಣೆಯನ್ನೂ ತಗ್ಗಿಸಿದ್ದೇವೆ.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಹಾಲು, ಮೊಸರನ್ನೂ ಬಿಟ್ಟಿದ್ದಾನೆ. ಸಸ್ಯಗಳಿಂದ ಬಿ-12 ಜೀವಸತ್ವ ಸಿಗುವುದಿಲ್ಲ, ಅದಕ್ಕೆ ಮಾತ್ರೆ ತೆಗೆದುಕೊಳ್ಳಲೇಬೇಕು ಎಂದು ಅವನಿಗೆ ಒತ್ತಿ ಹೇಳಿದ್ದೇನೆ.

ಆರು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ಅಣ್ಣನ ಎಲ್‌ಡಿಎಲ್ 148ರಿಂದ 61ಕ್ಕೆ ಇಳಿದಿತ್ತು. ಅದರಲ್ಲಿ ಡಾಕ್ಟರು ಕೊಟ್ಟ ಕೊಲೆಸ್ಟರಾಲ್ ಮಾತ್ರೆಯ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ದೊಡ್ಡ ಪಾಲು ಮಾತ್ರೆಯದೇ ಇರಬೇಕು. "ರೊಟ್ಟಿ ಉಣ್ಣಾಕತ್ತೀನಲ್ಲ, ಗುಳಗಿ ಬಿಡಲೇನು?" ಎಂದು ಅವನು ಕೇಳಿದ. ಡಾಕ್ಟರು ಒಂದು ದಿನವೂ ಬಿಡಕೂಡದೆಂದು ಹೇಳಿ, ಅದೇ ಚೀಟಿಯನ್ನು ಮುಂದಿನ ಆರು ತಿಂಗಳಿಗೆ ಬರೆದುಕೊಟ್ಟರು. ಬರುವಾಗ ಅಣ್ಣ ಪೇಟೆಯಲ್ಲಿ ಇಳಿದು ಎರಡು ಸಿವುಡು ಹಕ್ಕರಕಿ ಕೊಂಡ.