ಬಾವುಟ ನೋಡಿ ಇಸವಿ ಹೇಳಬಹುದು

17 ನವೆಂಬರ್ 2019, ಭಾನುವಾರ
ಹ್ಯಾಂಬರ್ಗ್

ಅಕ್ಕ, ಭಾವ ಊರಿನಿಂದ ಬಂದಾಗಿನಿಂದ ಇಲ್ಲಿ ಮಳೆ ಬಿಟ್ಟಿಲ್ಲ. ಮನೆಯಲ್ಲಿ ಕೂತು ಕೂತು ಭಾವನಿಗೆ ಬೇಜಾರು ಬಂದಿತ್ತು. ಇವತ್ತು ಇಬ್ಬರನ್ನೂ ಆಲ್ಟೊನಾ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಆಲ್ಟೊನಾ ಮೊದಲು ಬೇರೆ ಪಟ್ಟಣ, ಈಗ ಹ್ಯಾಂಬರ್ಗಿನದೇ ಒಂದು ಭಾಗ. ಅಕ್ಕ ಹಡಗಿನ ಮೂತಿಗೆ ಕಟ್ಟುತ್ತಿದ್ದ ಮರದ ಗೊಂಬೆಗಳ ಮುಂದೆ ನಿಂತುಬಿಟ್ಟಳು. ನಾನು, ಭಾವ ಹಡಗಿನ ಚಿತ್ರಗಳ ಕಡೆ ಹೋದೆವು.

"ಎಲ್ಲಾ ಒಂದೇ ಥರ ಇದೆಯಲ್ಲೋ" ಅಂದರು ಭಾವ. ಸುಳ್ಳಲ್ಲ. ಹಡಗು ಯಾವಾಗಲೂ ಪಕ್ಕದಿಂದ ಕಾಣುತ್ತದೆ. ಹಾಯಿ ಎಲ್ಲಾ ಬಿಚ್ಚಿರುತ್ತದೆ. ಅಲೆಗಳು ಸಾಲು ಹಿಡಿದು ನಿಂತಿರುತ್ತವೆ. ದೂರದಲ್ಲಿ ಒಂದು ದೀಪಸ್ತಂಭವೋ, ಹೆಲ್ಗೊಲ್ಯಾಂಡ್ ದ್ವೀಪದ ಕೆಂಪು ಬಂಡೆಯೋ. ಕೆಳಗಿನ ಪಟ್ಟಿಯಲ್ಲಿ ಹಡಗಿನ ಹೆಸರು, ಕ್ಯಾಪ್ಟನ್ ಹೆಸರು, ಇಸವಿ. ಇವನ್ನು ಇಲ್ಲಿಯವರು ಕ್ಯಾಪ್ಟನ್ ಚಿತ್ರ ಅಂತಲೇ ಕರೆಯುತ್ತಾರೆ. ಬರೆಸುತ್ತಿದ್ದವನು ಕ್ಯಾಪ್ಟನ್, ಇಲ್ಲವೇ ಹಡಗಿನ ಮಾಲೀಕ. ಚಿತ್ರ ಹೋಗಿ ಸೇರುತ್ತಿದ್ದದ್ದು ಅವನ ಮನೆಯ ಗೋಡೆಗೆ. ಬ್ಲಾಂಕನೀಸ್, ಫ್ಯೋರ್ ದ್ವೀಪದಂಥ ಕಡೆ ಗಂಡಸರು ತಿಂಗಳುಗಟ್ಟಲೆ ಸಮುದ್ರದ ಮೇಲೆ. ಮನೆಯಲ್ಲಿ ಇದ್ದದ್ದು ಚಿತ್ರ ಮಾತ್ರ.

ಬರೆದವರ ಪೈಕಿ ನನಗೆ ಇಷ್ಟ ಆಲ್ಟೊನಾದ ಹೈನ್ರಿಕ್ ಆಂಡ್ರಿಯಾಸ್ ಸೋಫಸ್ ಪೀಟರ್ಸನ್. 1834ರಲ್ಲಿ ಹುಟ್ಟಿ 1916ರಲ್ಲಿ ತೀರಿಕೊಂಡವನು. ಪೀಟರ್ ಕ್ರಿಶ್ಚಿಯನ್ ಹೋಲ್ಮ್ ಅನ್ನುವವನ ಜೊತೆ ಸೇರಿ ಕೆಲಸ ಮಾಡುತ್ತಿದ್ದ. ಹೋಲ್ಮ್ ಇವನಿಗಿಂತ ಹನ್ನೊಂದು ವರ್ಷ ದೊಡ್ಡವನು, 1888ರಲ್ಲಿ ತೀರಿಹೋದ. ಒಂದೇ ಚಿತ್ರದ ಕೆಳಗೆ ಇಬ್ಬರ ಹೆಸರೂ ಇರುತ್ತದೆ. ಕಲಾವಿದರು ಹೀಗೆ ಮಾಡುವುದು ಕಮ್ಮಿ ಅಲ್ವಾ? ಇದು ಅಂಗಡಿಯ ಬೋರ್ಡಿನ ರೀತಿ. ನನಗೆ ಅದರಲ್ಲಿ ಏನೂ ಕೀಳು ಕಾಣುವುದಿಲ್ಲ.

ಒಂದು ಬಾರ್ಕ್ ಹಡಗಿನ ಚಿತ್ರದ ಹತ್ತಿರ ಭಾವನನ್ನು ನಿಲ್ಲಿಸಿದೆ. ಬಾರ್ಕ್ ಅಂದರೆ ಮುಂದಿನ ಕಂಬಗಳಲ್ಲಿ ಅಡ್ಡಡ್ಡ ಚೌಕದ ಹಾಯಿ, ಕೊನೆಯ ಕಂಬದಲ್ಲಿ ಮಾತ್ರ ಉದ್ದಕ್ಕೆ ಕಟ್ಟಿದ ಹಾಯಿ. "ಹಗ್ಗ ನೋಡಿ ಭಾವ" ಅಂದೆ. ಕಂಬವನ್ನು ಬಿಗಿದು ನಿಲ್ಲಿಸುವ ಹಗ್ಗಗಳು ಕಪ್ಪು. ಅವಕ್ಕೆ ಟಾರ್ ಬಳಿದಿರುತ್ತಿತ್ತು. ಹಾಯಿ ಎಳೆದು ಬಿಡುವ ಹಗ್ಗಗಳು ಮಾತ್ರ ತಿಳಿ ಬಣ್ಣ, ಸೆಣಬಿನದು. ಕೂದಲೆಳೆಯಷ್ಟು ಸಣ್ಣ ಗೆರೆಗಳು. ಒಂದೊಂದೂ ಎಲ್ಲಿಂದ ಹೊರಟು ಯಾವ ರಾಟೆ ದಾಟಿ ಎಲ್ಲಿಗೆ ಬರುತ್ತದೆ ಅಂತ ಬೆರಳಿಟ್ಟು ಹಿಂಬಾಲಿಸಬಹುದು. ಬೆರಳಿಡಲು ಬಿಡುವುದಿಲ್ಲ, ಅದು ಬೇರೆ ಮಾತು. ಹಿಂಭಾಗದಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಮನುಷ್ಯ, ಟೋಪಿ ಹಾಕಿದ್ದಾನೆ. ಅವನೇ ದುಡ್ಡು ಕೊಟ್ಟ ಕ್ಯಾಪ್ಟನ್ ಇರಬೇಕು.

ಭಾವ ರೈಲ್ವೆ ವರ್ಕ್‌ಶಾಪಿನಲ್ಲಿ ಇಡೀ ಸರ್ವೀಸು ಮುಗಿಸಿದವರು. ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದರು. "ಇದು ಡ್ರಾಯಿಂಗ್ ಶೀಟ್ ಕಣೋ. ಬಣ್ಣ ಹಾಕಿದ್ದಾರೆ ಅಷ್ಟೇ."

ಅದೇ ಸರಿ ಅನ್ನಿಸಿತು. ದೊಡ್ಡ ಕಲಾವಿದರು ಬಿರುಗಾಳಿ ಬರೆದರು, ಮುಳುಗುವ ಹಡಗು ಬರೆದರು. ಅವರ ಚಿತ್ರ ನೋಡುವವರಿಗೆ ಯಾವ ಹಗ್ಗ ಎಲ್ಲಿಗೆ ಕಟ್ಟಬೇಕು ಅಂತ ಗೊತ್ತಿರಲಿಲ್ಲ. ಪೀಟರ್ಸನ್ನನ ಗಿರಾಕಿಗೆ ಅದು ಬಿಟ್ಟು ಬೇರೇನೂ ಬೇಕಾಗಿರಲಿಲ್ಲ. ಗಾಳಿ ಹಿಂದಿನಿಂದ ಬಂದು ಹಾಯಿ ತುಂಬಿದ್ದರೆ ಬಾವುಟ ಮುಂದಕ್ಕೆ ಹಾರಬೇಕು. ಚೆಂದಕ್ಕೆ ಅಂತ ಹಿಂದಕ್ಕೆ ಹಾರಿಸಿದರೆ ಕ್ಯಾಪ್ಟನ್ ನಗುತ್ತಾನೆ. ಹಡಗು ಬಂದರಿನಲ್ಲಿ ಇರುವಷ್ಟು ದಿನದಲ್ಲೇ ನೋಡಿಕೊಂಡು ಬರೆಯಬೇಕು. ಅಲೆಗೆ ಜಾಸ್ತಿ ಹೊತ್ತು ಯಾರು ಕೊಡುತ್ತಾರೆ?

ಬಾವುಟದ್ದೇ ಒಂದು ಕಥೆ. ಪೀಟರ್ಸನ್ ಹುಟ್ಟಿದಾಗ ಆಲ್ಟೊನಾ ಡೆನ್ಮಾರ್ಕಿನ ರಾಜನ ಕೈಕೆಳಗೆ ಇತ್ತು. ಆ ರಾಜ್ಯದಲ್ಲಿ ಕೋಪನ್‌ಹೇಗನ್ ಬಿಟ್ಟರೆ ಇದೇ ದೊಡ್ಡ ಪಟ್ಟಣ. ಇಲ್ಲಿಯ ಹಡಗಿಗೆ ಡೇನಿಶ್ ಬಾವುಟ, ಕೆಂಪಿನ ಮೇಲೆ ಬಿಳಿ ಶಿಲುಬೆ. ಪಕ್ಕದಲ್ಲೇ ಅಂಟಿಕೊಂಡಿದ್ದ ಹ್ಯಾಂಬರ್ಗ್ ಬೇರೆ ರಾಜ್ಯ. ಅದರ ಹಡಗಿಗೆ ಕೆಂಪಿನ ಮೇಲೆ ಬಿಳಿ ಕೋಟೆ. ಬ್ರೆಮೆನ್ನಿನ ಹಡಗಿಗೆ ಕೆಂಪು-ಬಿಳಿ ಪಟ್ಟೆ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತಿತು. ಆಮೇಲೆ ಆಲ್ಟೊನಾ ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯಕ್ಕೆ ಸೇರಿತು. ಉತ್ತರ ಜರ್ಮನಿ ಒಂದಾದ ಮೇಲೆ, 1867ರ ನಂತರದ ಚಿತ್ರಗಳಲ್ಲಿ ಕಪ್ಪು-ಬಿಳಿ-ಕೆಂಪು. ಹೀಗಾಗಿ ಇಸವಿ ಅಳಿಸಿಹೋಗಿದ್ದರೂ ಬಾವುಟ ನೋಡಿ ಅಂದಾಜು ಹೇಳಬಹುದು. ಭಾವನಿಗೆ ಈ ಆಟ ಹಿಡಿಸಿಬಿಟ್ಟಿತು. ಇಸವಿ ಬರೆದ ಪಟ್ಟಿಗೆ ಕೈ ಅಡ್ಡ ಹಿಡಿದು "1864ಕ್ಕೆ ಮುಂಚೆ! ಹೌದೋ ಅಲ್ವೋ?" ಅಂತ ಕೇಳುತ್ತಾ ಹೋದರು. ಕಾವಲಿನ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು.

ನಡುವೆ ಅಕ್ಕ ಬಂದು "ಈ ಕಡೆ ನಮ್ಮವರು ಯಾರಾದರೂ ಬಂದಿದ್ದರೇನೋ?" ಅಂದಳು. ಬಂದವರ ಸುದ್ದಿ ಗೊತ್ತಿಲ್ಲ, ಈ ಕಡೆಯಿಂದ ನಮ್ಮೂರ ಕಡೆಗೆ ಹೋದವರು ಒಬ್ಬರಿದ್ದಾರೆ ಅಂದೆ. ನಿಘಂಟಿನ ಕಿಟೆಲ್. ಇಲ್ಲಿಂದ ಪಶ್ಚಿಮಕ್ಕೆ, ಉತ್ತರ ಸಮುದ್ರದ ದಂಡೆಯ ರೆಸ್ಟರ್‌ಹಾಫೆ ಅವರ ಊರು. ಪೀಟರ್ಸನ್ನನಿಗಿಂತ ಎರಡು ವರ್ಷ ದೊಡ್ಡವರು. 1853ರಲ್ಲಿ ಅವರು ನಮ್ಮ ಕಡೆ ಬಂದರು. ಆಗ ಸೂಯೆಜ್ ಕಾಲುವೆ ಇನ್ನೂ ಅಗೆದಿರಲಿಲ್ಲ.

ಫೋಟೊ ಬಂದ ತಕ್ಷಣ ಈ ಕೆಲಸ ನಿಂತಿತು ಅಂದುಕೊಳ್ಳುತ್ತೇವೆ. ಅಷ್ಟು ಸುಲಭವಲ್ಲ. ಆಗಿನ ದೊಡ್ಡ ಕ್ಯಾಮೆರಾ ದಂಡೆಯ ಮೇಲೆ ನಿಂತು ಹಡಗಿನ ಬೋಳು ಕಂಬಗಳನ್ನು ತೆಗೆಯುತ್ತಿತ್ತು. ಕ್ಯಾಪ್ಟನ್‌ಗೆ ಬೇಕಾದದ್ದು ಹಾಯಿ ತುಂಬಿಕೊಂಡು ಓಡುವ ಹಡಗು. ಅದು ಕುಂಚಕ್ಕೆ ಮಾತ್ರ ಸಾಧ್ಯವಿತ್ತು. ನಿಜವಾದ ಪೆಟ್ಟು ಕೊಟ್ಟದ್ದು ಉಗಿಹಡಗು. ಹಾಯಿ, ಹಗ್ಗ ಹೋದ ಮೇಲೆ ಬರೆಯಲು ಉಳಿಯುವುದು ಒಂದು ಉದ್ದ ಡಬ್ಬ, ಮೇಲೆ ಹೊಗೆ ಕೊಳವೆ. ಆ ಕಾಲದ ಚಿತ್ರಗಳು ನನಗೆ ಅಷ್ಟಕ್ಕಷ್ಟೇ. ಭಾವ ಒಪ್ಪಲಿಲ್ಲ. ಅವರಿಗೆ ಬಾಯ್ಲರ್ ಇರುವುದೇ ಮೇಲು. ಮನೆಗೆ ಬರುವ ಟ್ರೈನಿನಲ್ಲೂ ಅದೇ ವಾದ. ಅಕ್ಕ ಕಿಟಕಿ ಕಡೆ ತಿರುಗಿ ಕೂತಳು.